ಸಮ್ಮೇಳನದ ಪೆಂಡಾಲಿನಲ್ಲಿ

ತ್ರಿವೇಣಿ ಮಾಡುವ ಕೆಲಸ ಏನೆಂದು ಪುಣೆ ಹತ್ತಿರದ ದೇಹೂ ರೋಡಿನ ನೆರೆಹೊರೆಯವರಿಗೆ ತಿಳಿಸಿ ಹೇಳುವುದು ಅವಳ ಅಪ್ಪ ಹೊಳಬಸಪ್ಪನವರಿಗೆ ಯಾವಾಗಲೂ ಪೇಚಿನ ಸಂಗತಿಯಾಗಿತ್ತು. ಅವರು ಇಂಡಿ ತಾಲೂಕಿನಿಂದ ಬಂದು ಅಲ್ಲಿನ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತರಾಗಿ ತಲೆ ಬೆಳ್ಳಗಾಗಿಸಿಕೊಂಡವರು. ತಮ್ಮ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಮಗಳದ್ದು ಹಾಗಲ್ಲ.

"ಲೋಕದಾಗ ಒಬ್ರು ಮ್ಯಾಲ, ಒಬ್ರು ಕೆಳಗ ಯಾಕ ಅದಾರ ಅಂತ ಓದೋ ದೊಡ್ಡ ದೊಡ್ಡ ಮಂದಿ ಒಂದು ಸಂಘ ಮಾಡ್ಯಾರ್ರಿ," ಎನ್ನುತ್ತಿದ್ದರು. "ಆ ಸಂಘದ ಆಫೀಸು ನಮ್ಮ ತ್ರಿವೇಣಿ ನಡಸ್ತಾಳ್ರಿ."

"ಯಾಕ ಅದಾರ ಅಂತ ಗೊತ್ತಾತೇನ್ರಿ ಅವರಿಗೆ?" ಎಂದು ಯಾರಾದರೂ ಕೇಳಿದರೆ ಹೊಳಬಸಪ್ಪ ನಕ್ಕುಬಿಡುತ್ತಿದ್ದರು.

ತ್ರಿವೇಣಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ತೊಂಬತ್ತರ ದಶಕದ ಮೊದಲಲ್ಲೇ ಪುಣೆಯ ಶಿವಾಜಿನಗರದ ಹತ್ತಿರದ ಒಂದು ಸಂಶೋಧನ ಸಂಸ್ಥೆಯಲ್ಲಿ ಸಹಾಯಕಿಯಾಗಿ ಸೇರಿದ್ದಳು. ಅಲ್ಲಿನ ಪ್ರಾಧ್ಯಾಪಕಿ ಮಾಧುರಿ ಪೇಂಡ್ಸೆ ಅವಳನ್ನು ಕೈಹಿಡಿದು ಬೆಳೆಸಿದರು. ಕೂಲಿಕಾರರನ್ನು ಮಾತಾಡಿಸುವುದು ಹೇಗೆ, ಮಾತಾಡಲು ಇಷ್ಟವಿಲ್ಲದವರನ್ನು ಬಿಟ್ಟು ಬರುವುದು ಹೇಗೆ ಎನ್ನುವುದನ್ನೆಲ್ಲ ಅವಳು ಕಲಿತದ್ದು ಅವರಿಂದಲೇ. ೧೯೯೮ರಲ್ಲಿ ಸಾಮಾಜಿಕ ಅಸಮಾನತೆ ಅಧ್ಯಯನಕಾರರ ಅಂತರರಾಷ್ಟ್ರೀಯ ಸಂಘಕ್ಕೆ ಮಾಧುರಿ ಮ್ಯಾಡಮ್ ಪ್ರಧಾನ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಕಾರ್ಯದರ್ಶಿ ಇರುವ ಊರಿಗೇ ಕಚೇರಿಯೂ ಬರಬೇಕೆಂಬುದು ಸಂಘದ ನಿಯಮ. ಹಾಲೆಂಡಿನಿಂದ ರಟ್ಟಿನ ಪೆಟ್ಟಿಗೆಗಳು ಹಡಗಿನಲ್ಲಿ ಬಂದಿಳಿದವು. ಮ್ಯಾಡಮ್‌ರದು ಹೆಸರು, ತ್ರಿವೇಣಿಯದು ಕೆಲಸ ಎಂದಾಯಿತು. ಅವಳ ಹುದ್ದೆಗೆ ಆಡಳಿತ ಕಾರ್ಯದರ್ಶಿ ಎಂದು ಹೆಸರಿಟ್ಟರು.

ಕೆಲಸವೇನೂ ಸಣ್ಣದಲ್ಲ. ಸದಾಶಿವ ಪೇಠದ ಮುದ್ರಣಾಲಯದಲ್ಲಿ ಕೂತು ವಾರ್ತಾಪತ್ರದ ಕರಡು ತಿದ್ದಬೇಕು, ಗಂಟೆಗೊಮ್ಮೆ ಕಡಿದುಹೋಗುವ ಇಂಟರ್‌ನೆಟ್ಟಿನಲ್ಲಿ ದೇಶದೇಶಗಳ ಮೇಲ್ ನೋಡಬೇಕು, ತಮ್ಮ ಪ್ರಬಂಧಕ್ಕೆ ಬೆಳಗಿನ ಹೊತ್ತು ಸಿಗಲಿಲ್ಲವೆಂದು ಮುನಿಸಿಕೊಂಡ ಪ್ರಾಧ್ಯಾಪಕರನ್ನು ಓಲೈಸಬೇಕು. ಪುಣೆಯಿಂದ ನಡೆದ ಸಂಘದ ಮೊದಲ ಚುನಾವಣೆಯ ಮತಪತ್ರಗಳು ದಾರಿಯಲ್ಲಿ ತಡವಾದಾಗ, ಪುಣೆಯವರಿಗೆ ಇದು ಆಗದ ಕೆಲಸ ಎಂದು ಯುರೋಪಿನ ಕೆಲವರು ಗೊಣಗಿದ್ದರು. ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬೆಳಿಗ್ಗೆ ಲೋನಾವಳದ ಲೋಕಲ್ ರೈಲು ಹಿಡಿದು ಹೋಗಿ ಸಂಜೆ ಅದರಲ್ಲೇ ಮರಳುವ ತ್ರಿವೇಣಿಗೆ ಈ ಕೆಲಸ ಒಗ್ಗಿಬಿಟ್ಟಿತ್ತು. ಗಂಡ ಶಿವರಾಜ ತಳೇಗಾಂವದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಂಡತಿ ಊಟಕ್ಕೆ ಕೂತಾಗಲೂ ಬ್ರೆಜಿಲ್ಲಿನ ವಿಷಯ ಎತ್ತಿದರೆ ಅವನು ಸುಮ್ಮನೆ ಹೂಂಗುಟ್ಟುತ್ತಿದ್ದ.

೨೦೦೩ರ ಡಿಸೆಂಬರಿನಲ್ಲಿ ಸಂಘದ ವಿಶ್ವ ಸಮ್ಮೇಳನ ಪುಣೆಯಲ್ಲಿ ನಡೆಯುವುದೆಂದು ಗೊತ್ತಾಯಿತು. ತ್ರಿವೇಣಿ ಅದಕ್ಕಾಗಿ ಎರಡು ವರ್ಷ ಒದ್ದಾಡಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಲಾಹೋರಿನ ನಸ್ರೀನ್ ಎಂಬ ಸಂಶೋಧಕಿಯ ವೀಸಾ. ದಿಲ್ಲಿಯ ಕಚೇರಿಗಳ ಬಾಗಿಲು ತಟ್ಟಿ ತಟ್ಟಿ, ಕೊನೆಗೆ ಮ್ಯಾಡಮ್ ತಾವೇ ಹೊಣೆ ಹೊತ್ತುಕೊಂಡು ಸಹಿ ಹಾಕಿದ ಮೇಲೆ ಅದು ಸಿಕ್ಕಿತ್ತು.

ಬರೀ ಸಭಾಂಗಣದಲ್ಲಿ ಕೂತು ಹೋಗಲು ನಾವು ಇಷ್ಟು ದೂರ ಬರಬೇಕೇ ಎಂದು ಹೊರದೇಶದ ಕೆಲವರು ಕೇಳಿದ್ದರು. ಕೂಲಿಕಾರರ ವಸತಿಯೊಂದನ್ನು ತೋರಿಸಬೇಕೆಂದು ಸಮಿತಿ ತೀರ್ಮಾನಿಸಿತು. "ಹಡಪಸರದಲ್ಲಿ ನಿನ್ನ ಭಾಷೆಯ ಜನ ಇದ್ದಾರಲ್ಲ, ನೀನೇ ಕೇಳಿ ಬಾ," ಎಂದರು ಮಾಧುರಿ ಮ್ಯಾಡಮ್.

ಹಡಪಸರದಲ್ಲಿ ಕಟ್ಟುತ್ತಿದ್ದ ದೊಡ್ಡ ದೊಡ್ಡ ಆಫೀಸು ಕಟ್ಟಡಗಳ ಹಿಂದೆ, ಕೆನಾಲಿನ ಪಕ್ಕಕ್ಕೆ, ಯಾದಗಿರಿ-ಸುರಪುರದ ಕಡೆಯ ಜನ ತಗಡಿನ ಜೋಪಡಿ ಹಾಕಿಕೊಂಡಿದ್ದರು. ಮ್ಯಾಡಮ್‌ರ ಒಂದು ಅಧ್ಯಯನಕ್ಕಾಗಿ ತ್ರಿವೇಣಿ ಅಲ್ಲಿಗೆ ಒಂದು ವರ್ಷ ಓಡಾಡಿದ್ದಳು. ಅಲ್ಲಿನ ಮುಕಾದಮ, ಅಂದರೆ ಕೂಲಿಕಾರರ ಮೇಸ್ತ್ರಿ, ಅವ್ವಣ್ಣ. ಆದರೆ ಜನ ಮಾತು ಕೇಳುತ್ತಿದ್ದದ್ದು ಅವನ ಅಕ್ಕ ಭೀಮವ್ವನದು. ವಿಷಯ ತಿಳಿಸಿದಾಗ ಭೀಮವ್ವ ತುಸು ಹೊತ್ತು ಯೋಚಿಸಿದಳು.

"ಬರ್ಲಿ ಬಿಡವಾ, ನೋಡಿದ್ರ ಏನ್ ಸವಿತೀವಾ? ಖರೆ, ಸಾಹೇಬಗ ಒಂದ್ ಮಾತ್ ಹೇಳು. ಹೇಳದ ಕೇಳದ ಬಂದ್ರ ಆಮ್ಯಾಲ ಅವ ನಮ್ ಮ್ಯಾಲ ಹರಿಹಾಯ್ತಾನ."

ತ್ರಿವೇಣಿ ಸೈಟ್ ಆಫೀಸಿಗೆ ಹೋದಳು. ಅಮರ ಎಂಬ ಮ್ಯಾನೇಜರ್ ಇನ್ನೂ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಚಹಾ ತರಿಸಿದ. ಯಾವ ಯಾವ ದೇಶದವರು, ಕ್ಯಾಮೆರಾ ತರುತ್ತಾರೆಯೇ ಎಂದು ವಿಚಾರಿಸಿಕೊಂಡ. ಅವನ ಕಂಪನಿಯ ಮಾಲೀಕರೇ ಸಮ್ಮೇಳನದ ಅತಿಥಿಗಳಿಗೆ ಒಂದು ಸಂಜೆಯ ಔತಣ ಕೊಡುವವರಿದ್ದರು. "ಅವಶ್ಯ ಬನ್ನಿ ಮ್ಯಾಡಮ್," ಎಂದ. ಕೆಲಸ ಮುಗಿಯಿತೆಂದು ಅವಳು ಎದ್ದು ಬಂದಳು.

ಸಮ್ಮೇಳನ ಮಂಗಳವಾರ ಶುರುವಾಯಿತು. ಬುಧವಾರ ಮಧ್ಯಾಹ್ನ, ಸಂಸ್ಥೆಯ ಮೈದಾನದಲ್ಲಿ ಹಾಕಿದ್ದ ಪೆಂಡಾಲಿನಲ್ಲಿ ಎಲ್ಲರೂ ಊಟಕ್ಕೆ ಸಾಲು ಹಚ್ಚಿದ್ದಾಗ ಅವಳ ಮೊಬೈಲ್ ರಿಂಗಾಯಿತು. ಅತ್ತ ಕಡೆ ಅವ್ವಣ್ಣ. ಹಿಂದೆ ಯಂತ್ರದ ಗದ್ದಲ, ಹೆಂಗಸರ ಕೂಗು.

"ಜೆಸಿಬಿ ಬಂದೈತ್ರಿ ಅಕ್ಕಾರ. ಎಲ್ಲಾ ಮುರದ್ರು. ಫಾರಿನ್ ಮಂದಿ ಬರ್ತಾರಂತ, ಜಾಗಾ ಚಂದ ಕಾಣಬೇಕಂತ. ನಾಕ್ ದಿನ ಎಲ್ಲೆರ ಹೋಗ್ರಿ ಅಂತಾರ. ಎಲ್ಲಿ ಹೋಗೂದ್ರಿ?"

ತ್ರಿವೇಣಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟು ಮಾಧುರಿ ಮ್ಯಾಡಮ್ ಇದ್ದಲ್ಲಿಗೆ ಹೆಚ್ಚುಕಡಿಮೆ ಓಡಿಯೇ ಹೋದಳು. ಅವರನ್ನು ಒಂದು ಬದಿಗೆ ಕರೆದು ಮರಾಠಿಯಲ್ಲಿ ಎಲ್ಲ ಹೇಳಿದಳು. ಮ್ಯಾಡಮ್‌ರ ಮುಖ ಬಿಳುಪೇರಿತು.

"ನಾಳೆಯ ಭೇಟಿ ರದ್ದು ಮಾಡು," ಎಂದರು. "ಬಸ್ಸುಗಳನ್ನು ಶನಿವಾರವಾಡೆಯ ಕೋಟೆ ನೋಡಲು ಕಳಿಸೋಣ. ಉಳಿದದ್ದನ್ನು ನಾಳೆ ಔತಣದಲ್ಲಿ ಮಾಲೀಕರು ಸಿಕ್ಕಾಗ ನಾನೇ ಮಾತಾಡುತ್ತೇನೆ, ಸದ್ದಿಲ್ಲದೆ."

"ಇವತ್ತು ಅವರು ಎಲ್ಲಿ ಮಲಗಬೇಕು ಮ್ಯಾಡಮ್?"

ಯಾರೋ ಪ್ರತಿನಿಧಿ ಬಂದು ಮ್ಯಾಡಮ್‌ರನ್ನು ಮಾತಿಗೆ ಎಳೆದರು.

ತ್ರಿವೇಣಿ ರಿಕ್ಷಾ ಹಿಡಿದು ಹಡಪಸರಕ್ಕೆ ಹೊರಟಳು. ಸೋಲಾಪುರ ರಸ್ತೆಯಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ನಿಂತಿದ್ದವು. ಭೇಟಿಯನ್ನೇ ರದ್ದು ಮಾಡಿದ ಮೇಲೆ ಜೋಪಡಿ ಮುರಿದು ಏನು ಬಂತು, ಇಷ್ಟನ್ನು ಹೇಳಿದರೆ ಅಮರ ಕೇಳಿಯಾನು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಕೆನಾಲಿನ ಪಕ್ಕದಲ್ಲಿ ಜೋಪಡಿಗಳಿದ್ದ ಜಾಗ ಹಸನಾದ ಕೆಂಪು ಮಣ್ಣಾಗಿತ್ತು. ಒಂದು ತಗಡೂ ಉಳಿದಿರಲಿಲ್ಲ. ಜನ ಏರಿಯ ಮೇಲೆ ಕೊಡ, ಹಾಸಿಗೆ ಸುರುಳಿ, ಕಲ್ಲೊಲೆಯ ಕಲ್ಲು ಸಹ ಗುಡ್ಡೆ ಹಾಕಿಕೊಂಡು ಕೂತಿದ್ದರು. ಭೀಮವ್ವನ ಸೊಸೆ ಮರೆಮ್ಮ ಹಸಿ ಬಾಣಂತಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಸೆರಗಿನೊಳಗೆ ಅವಚಿಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದಳು. ಡಿಸೆಂಬರಿನ ಗಾಳಿ ಆಗಲೇ ಚುಚ್ಚುತ್ತಿತ್ತು.

ಭೀಮವ್ವ ಅವಳನ್ನು ನೋಡಿ ಏಳಲಿಲ್ಲ.

"ಬಂದೇನ? ನೋಡು. ನೋಡಾಕ ಬರ್ತೀವಿ ಅಂದಿದ್ದಿ."

"ನನಗ ಗೊತ್ತಿರಲಿಲ್ಲ ಭೀಮವ್ವಾ."

"ನಿನಗ ಗೊತ್ತಿತ್ತು ಅಂತ ನಾ ಅಂದಿಲ್ಲ. ನೀ ಬರೂತನ ನಮ್ ಮನಿ ಇದ್ವು, ನೀ ಬಂದ್ ಮ್ಯಾಲ ಇಲ್ಲ. ಅಷ್ಟs."

ತ್ರಿವೇಣಿ ಸೈಟ್ ಆಫೀಸಿಗೆ ಹೋದಳು. ಅಮರ ಅವಳನ್ನು ನೋಡಿದ್ದೇ ಎದ್ದು ನಿಂತ. ಭೇಟಿ ರದ್ದಾಗಿದೆ, ತಗಡು ಮರಳಿ ಕೊಡಿ ಎಂದಳು. ತಗಡೆಲ್ಲ ತಳೇಗಾಂವದ ಗೋದಾಮಿಗೆ ಹೋದವು ಎಂದ ಅವನು.

"ನನ್ನ ಕೈಯಲ್ಲೇನಿದೆ ಮ್ಯಾಡಮ್? ಫೋಟೊ ತೆಗೆದು ಎಲ್ಲೆಲ್ಲೋ ಹಾಕುತ್ತಾರೆ ಎಂದು ಮೇಲಿನವರಿಗೆ ಹೆದರಿಕೆ. ನಮ್ಮ ಗಿರಾಕಿಗಳೂ ಹೊರದೇಶದವರೇ. ನಾಲ್ಕು ದಿನ ಕಳೆಯಲಿ, ಮತ್ತೆ ಹಾಕಿಕೊಳ್ಳಲಿ."

"ಹಸಿ ಬಾಣಂತಿ ಇದ್ದಾಳೆ ಅಲ್ಲಿ."

ಅಮರ ಕಿಟಕಿಯ ಕಡೆ ನೋಡಿದ. "ಮೇಲಿನವರನ್ನು ಕೇಳದೆ ನಾನೇನೂ ಮಾಡಲಾರೆ," ಎಂದ.

ಹೊರಗೆ ಬಂದು ಅವಳು ಶಿವರಾಜನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿಕೊಂಡ.

"ನಮ್ಮನಿಗೆ ಕರಕೊಂಡು ಬಾ ಅನ್ನಲಿಕ್ಕೆ ಅವರು ಒಬ್ರಿಬ್ರಲ್ಲ," ಎಂದ. "ಏನ್ ಮಾಡಬೇಕಂತಿ?"

"ಪೆಂಡಾಲ್ ಐತೆಲ್ಲ. ಸಂಘದ ಹೆಸರಿನ್ಯಾಗ ಬಾಡಿಗಿ ಹಿಡದೈತಿ. ಸಹಿ ನಂದs."

ಶಿವರಾಜ ತಡೆದು ಹೇಳಿದ, "ನೌಕರಿ ಹೋಗ್ತದ, ನೋಡು."

"ಹೂಂ," ಎಂದಳು ತ್ರಿವೇಣಿ.

ಪೆಂಡಾಲಿಗೆ ಬರುವುದೋ ಬೇಡವೋ ಎಂದು ಏರಿಯ ಮೇಲೆ ವಾದವೇ ಆಯಿತು. ಅಲ್ಲಿ ಹೋದರೆ ಕೆಲಸದಿಂದಲೇ ತೆಗೆಯುತ್ತಾರೆ ಎಂದರು ಕೆಲವರು. ಒಂದಿಷ್ಟು ಮಂದಿ ಪರಿಚಯದವರಿದ್ದ ಬೇರೆ ಸೈಟುಗಳಿಗೆ ಹೊರಟರು. ಭೀಮವ್ವ ಸೊಸೆಯ ಕಡೆ ಒಮ್ಮೆ ನೋಡಿ, "ನಡಿ," ಎಂದಳು. ಅವ್ವಣ್ಣ ಉಸುಕಿನ ಲಾರಿಯೊಂದನ್ನು ಹೇಗೋ ಗೊತ್ತುಮಾಡಿದ. ಹೊತ್ತು ಮುಳುಗುವ ಸುಮಾರಿಗೆ ಲಾರಿ ಸಂಸ್ಥೆಯ ಗೇಟಿಗೆ ಬಂತು. ಕಾವಲುಗಾರ ತಡೆದ. ಇವರು ಸಮ್ಮೇಳನದ ಅತಿಥಿಗಳು, ಏನಿದ್ದರೂ ನನ್ನನ್ನು ಕೇಳಿ ಎಂದು ತ್ರಿವೇಣಿ ಗಟ್ಟಿಯಾಗಿ ಹೇಳಿದಳು. ಅವನು ಅನುಮಾನಿಸುತ್ತಲೇ ಗೇಟು ತೆಗೆದ.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಜನ ಇನ್ನೂ ಹಾಸಿಗೆ ಬಿಚ್ಚುತ್ತಿದ್ದಾಗಲೇ ಪ್ರತಿನಿಧಿಗಳು ಗುಂಪಾಗಿ ಬಂದರು. ಕೆಲವರು ಶಾಲು, ಕಂಬಳಿ ತಂದರು. ಒಬ್ಬಾತ ಕ್ಯಾಮೆರಾ ಎತ್ತಿದ. ಮರೆಮ್ಮ ಮುಖಕ್ಕೆ ಸೆರಗು ಎಳೆದುಕೊಂಡಳು. ತ್ರಿವೇಣಿ ನಡುವೆ ಹೋಗಿ ನಿಂತು, ಫೋಟೊ ಬೇಡ, ದಯವಿಟ್ಟು ಎಂದಳು. ಆತ ಹೆಸರುವಾಸಿ ವಿದ್ವಾಂಸ. ಇದನ್ನು ಜಗತ್ತು ನೋಡಬೇಕು ಎಂದು ವಾದ ಹೂಡಿದ. ತ್ರಿವೇಣಿ ಜಾಗ ಬಿಟ್ಟು ಕದಲಲಿಲ್ಲ. ಆತ ಸಿಟ್ಟಿನಿಂದ ಹೊರಟುಹೋದ.

ಮಾಧುರಿ ಮ್ಯಾಡಮ್ ಬಂದದ್ದು ಆಮೇಲೆ. ಅವರು ಧ್ವನಿ ಏರಿಸಲಿಲ್ಲ. ತ್ರಿವೇಣಿಯನ್ನು ಪೆಂಡಾಲಿನ ಹಿಂಬದಿಗೆ ಕರೆದುಕೊಂಡು ಹೋದರು.

"ನನ್ನನ್ನು ಒಂದು ಮಾತು ಕೇಳಬೇಕಿತ್ತು."

"ಮಧ್ಯಾಹ್ನ ಕೇಳಿದೆನಲ್ಲ ಮ್ಯಾಡಮ್."

"ನಸ್ರೀನಳ ಬಗ್ಗೆ ಯೋಚನೆ ಮಾಡಿದೆಯಾ?" ಎಂದರು ಮ್ಯಾಡಮ್. "ಸಂಸ್ಥೆಯ ನಿರ್ದೇಶಕರು ಬೆಳಿಗ್ಗೆ ಪೊಲೀಸರನ್ನು ಕರೆಸುತ್ತೇನೆ ಎನ್ನುತ್ತಿದ್ದಾರೆ. ಪೊಲೀಸರು ಆವರಣಕ್ಕೆ ಬಂದರೆ ಮೊದಲು ಯಾರ ಪಾಸ್‌ಪೋರ್ಟ್ ಕೇಳುತ್ತಾರೆ? ಸಮ್ಮೇಳನದ ವೀಸಾದಲ್ಲಿ ಬಂದವಳು ಗಲಾಟೆಯಲ್ಲಿದ್ದಳು ಎಂದು ಬರೆದುಕೊಂಡರೆ ಅವಳ ಗತಿ ಏನು?"

ದಿಲ್ಲಿಯ ಕಚೇರಿಗಳಲ್ಲಿ ಬೆಂಚಿನ ಮೇಲೆ ಕೂತು ಕಾದವಳು ತ್ರಿವೇಣಿಯೇ. ಆದರೂ ಹಡಪಸರದಿಂದ ಇಲ್ಲಿಯವರೆಗೆ ನಸ್ರೀನಳ ನೆನಪು ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

"ಇಲ್ಲ," ಎಂದಳು. "ಅದನ್ನು ಯೋಚಿಸಲಿಲ್ಲ."

"ನಾನು ಯೋಚಿಸಬೇಕಾಗುತ್ತದೆ. ನನ್ನ ಕೆಲಸವೇ ಅದು."

ನಸ್ರೀನಳನ್ನು ಅಂದೇ ಟ್ಯಾಕ್ಸಿಯಲ್ಲಿ ಮುಂಬಯಿಗೆ ಕಳಿಸಲಾಯಿತು. ಹೊರಡುವ ಮುನ್ನ ಅವಳು ತ್ರಿವೇಣಿಯ ಕೈ ಹಿಡಿದು ಅದುಮಿ, ಟ್ಯಾಕ್ಸಿ ಹತ್ತಿದಳು. ಶುಕ್ರವಾರ ಅವಳು ಓದಬೇಕಾಗಿದ್ದ ಪ್ರಬಂಧ ಓದದೆಯೇ ಉಳಿಯಿತು.

ಗುರುವಾರ ಬೆಳಿಗ್ಗೆ ಸಂಘದ ಕಾರ್ಯಕಾರಿ ಸಮಿತಿ ಒಂದು ತರಗತಿ ಕೋಣೆಯಲ್ಲಿ ಸೇರಿತು. ಅಧ್ಯಕ್ಷರಾಗಿದ್ದವರು ಉಗಾಂಡಾದ ಪ್ರೊ. ಒಕೆಲ್ಲೊ, ಮಿತಭಾಷಿ. ಸಭೆಯ ನಡಾವಳಿ ಬರೆಯುವುದು ಯಾವತ್ತಿನಂತೆ ತ್ರಿವೇಣಿಯ ಕೆಲಸ. ತನ್ನ ಮೇಲಿನ ದೂರನ್ನು ತಾನೇ ಬರೆದುಕೊಳ್ಳುತ್ತ ಅವಳು ಮೂಲೆಯಲ್ಲಿ ಕೂತಳು. ಸಿಬ್ಬಂದಿಯೊಬ್ಬಳು ಇಡೀ ಸಂಘವನ್ನು ಅಪಾಯಕ್ಕೆ ಒಡ್ಡಿದಳು ಎಂದರು ಒಬ್ಬರು. ನಾವು ಅಧ್ಯಯನ ಮಾಡುವವರು, ಇನ್ನೊಂದು ದೇಶದ ವ್ಯವಹಾರದಲ್ಲಿ ಕೈಹಾಕುವ ಅಧಿಕಾರ ನಮಗಿಲ್ಲ ಎಂದರು ಮತ್ತೊಬ್ಬರು. ಚಿಲಿಯಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು, ಅವರ ಮನೆ ಬಿದ್ದದ್ದೇ ನಮ್ಮಿಂದ, ಇನ್ನು ಕೈಹಾಕುವ ಮಾತೆಲ್ಲಿ ಬಂತು ಎಂದು ಕೇಳಿದರು. ವಾದ ಬಿಸಿಯಾಗುತ್ತಿದ್ದಾಗಲೇ ಕಿಟಕಿಯಾಚೆ ಪೊಲೀಸ್ ಜೀಪು ಬಂದು ನಿಂತದ್ದು ಎಲ್ಲರಿಗೂ ಕಂಡಿತು.

ತ್ರಿವೇಣಿ ಪೆನ್ನು ಮುಚ್ಚಿಟ್ಟು ಎದ್ದಳು. ಅವಳಿಗಿಂತ ಮೊದಲು ಮಾಧುರಿ ಮ್ಯಾಡಮ್ ಎದ್ದಿದ್ದರು.

ಇನ್‌ಸ್ಪೆಕ್ಟರ್ ಪೆಂಡಾಲಿನ ಬಾಗಿಲಲ್ಲಿ ನಿಂತು, ಇವರನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳಿದರು. ನಾನು ಎಂದಳು ತ್ರಿವೇಣಿ. ಯಾರನ್ನು ಕೇಳಿ ಎಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಮ್ಯಾಡಮ್, "ಸಂಘದ ಪ್ರಧಾನ ಕಾರ್ಯದರ್ಶಿ ನಾನು. ಪೆಂಡಾಲು ನಾಳೆ ಸಂಜೆಯವರೆಗೆ ಸಂಘದ ವಶದಲ್ಲಿದೆ. ಇವರು ಸಂಘದ ಅತಿಥಿಗಳು," ಎಂದರು. ಹಾಗೆ ಹೇಳುವಾಗ ಅವರು ತ್ರಿವೇಣಿಯ ಮುಖ ನೋಡಲಿಲ್ಲ.

ನಿರ್ದೇಶಕರಿಗೂ ಅವರಿಗೂ ಅಲ್ಲೇ ಮಾತಿಗೆ ಮಾತು ಬೆಳೆಯಿತು. ಅಷ್ಟೊಂದು ಪರದೇಶದವರ ಎದುರಿಗೆ ಕೂಸು-ಬಾಣಂತಿಯನ್ನು ಹೊರಗೆ ಹಾಕುವುದು ಇನ್‌ಸ್ಪೆಕ್ಟರಿಗೂ ಬೇಡವಾಗಿತ್ತು. ನಾಳೆ ಸಂಜೆ ಬರುತ್ತೇನೆ, ಅಷ್ಟರಲ್ಲಿ ಖಾಲಿಯಾಗಿರಬೇಕು ಎಂದು ಹೇಳಿ ಹೋದರು.

ಸಮಿತಿ ಮತ್ತೆ ಸೇರಿದಾಗ ಒಕೆಲ್ಲೊ ಹೆಚ್ಚು ಚರ್ಚೆಗೆ ಅವಕಾಶ ಕೊಡಲಿಲ್ಲ. ಅಂದಿನ ಔತಣಕ್ಕೆ ಸಂಘ ಹೋಗುವುದಿಲ್ಲವೆಂದು ತಾವೇ ಫೋನ್ ಮಾಡಿ ಮಾಲೀಕರಿಗೆ ತಿಳಿಸಿದರು. ಹೊರದೇಶದವರು ಯಾರೂ ಆವರಣ ಬಿಟ್ಟು ಹೋಗಕೂಡದು, ಕಾರ್ಮಿಕ ಇಲಾಖೆಗೆ ಹೋಗುವುದು ಭಾರತದವರು ಮಾತ್ರ ಎಂದು ತೀರ್ಮಾನವಾಯಿತು. ಮಾಧುರಿ ಮ್ಯಾಡಮ್, ತ್ರಿವೇಣಿ, ಅವ್ವಣ್ಣ, ಭೀಮವ್ವ ಒಂದೇ ಕಾರಿನಲ್ಲಿ ಹೊರಟರು.

ಅಧಿಕಾರಿ ಮೊದಲು ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮ್ಯಾಡಮ್ ಕುರ್ಚಿ ಎಳೆದು ಕೂತುಬಿಟ್ಟರು. ಸಂಜೆಯವರೆಗೂ ಕಾಯುತ್ತೇವೆ ಎಂದರು. ಊಟದ ಹೊತ್ತು ಕಳೆದ ಮೇಲೆ ಅಧಿಕಾರಿ ಅಮರನನ್ನು ಕರೆಸಿದರು. ಅವನು ಮಾಲೀಕರ ಜೊತೆ ಫೋನಿನಲ್ಲಿ ಮಾತಾಡಲು ಹೊರಗೆ ಹೋದ, ಬಂದ, ಮತ್ತೆ ಹೋದ. ಔತಣ ತಪ್ಪಿದ್ದು ಮಾಲೀಕರಿಗೆ ಚೆನ್ನಾಗಿ ನಾಟಿತ್ತು. ಕೊನೆಗೆ, ನಾಳೆ ತಗಡು ಬರುತ್ತವೆ, ಆದರೆ ಹಳೆಯ ಜಾಗ ಸಿಗುವುದಿಲ್ಲ, ಅತ್ತಕಡೆಯ ಹಳ್ಳದ ಪಕ್ಕದ ತಗ್ಗಿನಲ್ಲಿ ಹಾಕಿಕೊಳ್ಳಲಿ ಎಂದ.

"ಮಳಿಗಾಲದಾಗ ಅಲ್ಲಿ ನೀರು ತುಂಬತೈತಿ," ಎಂದ ಅವ್ವಣ್ಣ.

"ಮಳಿಗಾಲ ಇನ್ನಾ ದೂರ ಐತಿ, ಬಾ," ಎಂದಳು ಭೀಮವ್ವ.

ಶುಕ್ರವಾರ ಮಧ್ಯಾಹ್ನ ತಳೇಗಾಂವದಿಂದ ತಗಡು ಬಂದವು. ಜನ ಪೆಂಡಾಲು ಗುಡಿಸಿ ಹೊರಟರು. ಎಲ್ಲರೂ ಹಡಪಸರಕ್ಕೆ ಹೋಗಲಿಲ್ಲ. ಮರೆಮ್ಮ ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಊರಿನ ರೈಲು ಹತ್ತಿದಳು. ಕೂಸಿಗೆ ಎದೆಯಲ್ಲಿ ಕಫ ಕಟ್ಟಿತ್ತು. ಬದುಕಿ ಉಳಿಯಿತೆಂಬ ಸುದ್ದಿ ಸಂಕ್ರಾಂತಿಯ ಹೊತ್ತಿಗೆ ಅವ್ವಣ್ಣನ ಬಾಯಿಂದ ತಿಳಿಯುವವರೆಗೆ ತ್ರಿವೇಣಿಗೆ ಅನ್ನ ರುಚಿಸಲಿಲ್ಲ.

ಜನರು ವಾಸಿಸುವ ಜಾಗಕ್ಕೆ ಸಂಘ ಇನ್ನು ಮುಂದೆ ಪ್ರವಾಸ ಏರ್ಪಡಿಸಬಾರದೆಂಬ ನಿರ್ಣಯ ಅದೇ ಸಂಜೆ ಮಹಾಸಭೆಯ ಮುಂದೆ ಬಂತು. ಪರವಾಗಿ ಎದ್ದ ಕೈಗಳು ಕೂದಲೆಳೆಯಷ್ಟು ಹೆಚ್ಚಾಗಿದ್ದವು. ಸಂಘದ ಕಚೇರಿಗೆ ಇನ್ನು ಜಾಗ ಕೊಡಲಾಗದೆಂದು ಸಂಸ್ಥೆ ತಿಳಿಸಿತು. ಬೇಸಿಗೆಯ ಹೊತ್ತಿಗೆ ಪೆಟ್ಟಿಗೆಗಳು ಹೊಸ ಕಾರ್ಯದರ್ಶಿಯ ಊರಾದ ಕೇಪ್‌ಟೌನಿಗೆ ಹೊರಟವು. ಅವುಗಳ ಮೇಲೆ ವಿಳಾಸ ಬರೆದದ್ದೇ ತ್ರಿವೇಣಿಯ ಕೊನೆಯ ಕೆಲಸವಾಯಿತು. ಮಾಧುರಿ ಮ್ಯಾಡಮ್ ಕೊನೆಯ ದಿನ ಅವಳ ಕೋಣೆಗೆ ಬರಲಿಲ್ಲ. ಅವಳೂ ಅವರ ಕೋಣೆಗೆ ಹೋಗಲಿಲ್ಲ.

ಒಂದು ವರ್ಷ ಅವಳು ಮನೆಯಲ್ಲೇ ಇದ್ದಳು. ನಸ್ರೀನಳಿಗೆ ಎರಡು ಸಲ ಮೇಲ್ ಬರೆದಳು. ಒಂದಕ್ಕೆ ಉತ್ತರ ಬಂತು, ಚಿಕ್ಕದು, ಬೆಚ್ಚನೆಯದು. ಆದರೆ ಆಕೆಗೆ ಮತ್ತೆ ವೀಸಾ ಸಿಕ್ಕಲಿಲ್ಲ. ಆಮೇಲೆ ಕಟ್ಟಡ ಕೂಲಿಕಾರರ ಮಕ್ಕಳಿಗಾಗಿ ಸೈಟುಗಳಲ್ಲಿ ಬಾಲವಾಡಿ ನಡೆಸುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಓಡಾಟ ಹೆಚ್ಚು. ಹಡಪಸರದ ಬಾಲವಾಡಿಗೆ ಭೀಮವ್ವನೇ ಜಾಗ ಹುಡುಕಿಕೊಟ್ಟಳು.

೨೦೦೭ರಲ್ಲಿ ಒಂದು ಸಂಜೆ ಶಿವಾಜಿನಗರದ ಪ್ಲಾಟ್‌ಫಾರ್ಮಿನಲ್ಲಿ ಮಾಧುರಿ ಮ್ಯಾಡಮ್ ಕಂಡರು. ನಿವೃತ್ತರಾಗಿದ್ದರು. ಮಗಳ ಮನೆಗೆ ಹೊರಟಿದ್ದರಂತೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಮಂಡಿ ನೋವಿನ ಮಾತಾಯಿತು, ಶಿವರಾಜನ ಬಡ್ತಿಯ ಮಾತಾಯಿತು. ಲೋಕಲ್ ಬರುವ ಘೋಷಣೆ ಕೇಳಿದ ಮೇಲೆ ಮ್ಯಾಡಮ್ ಹೇಳಿದರು:

"ಅವತ್ತು ಲಾರಿ ಹೊರಡುವ ಮೊದಲು ನೀನು ನನಗೆ ಫೋನ್ ಮಾಡಿದ್ದರೆ, ಬೇಡ ಅನ್ನುತ್ತಿದ್ದೆ."

"ಗೊತ್ತಿತ್ತು ಮ್ಯಾಡಮ್. ಅದಕ್ಕೇ ಮಾಡಲಿಲ್ಲ."

ಮ್ಯಾಡಮ್ ತಲೆಯಾಡಿಸಿದರು. ಅದು ಒಪ್ಪಿಗೆಯೋ ಬೇಸರವೋ ತ್ರಿವೇಣಿಗೆ ತಿಳಿಯಲಿಲ್ಲ. ಗಾಡಿ ಬಂತು. ಗದ್ದಲದಲ್ಲಿ ಅವಳು ಅವರ ಚೀಲ ತೆಗೆದುಕೊಂಡು, ರಟ್ಟೆ ಹಿಡಿದು ಹತ್ತಿಸಿ, ಹೆಂಗಸರ ಡಬ್ಬಿಯಲ್ಲಿ ಅವರಿಗೊಂದು ಸೀಟು ಹಿಡಿದುಕೊಟ್ಟಳು.